“ಕಂಪನಿ ಇಂಕೇ, ಬಾಟಲಿ ಮಾತ್ರ ಬೇರೆ” ಎನ್ನುವವರನ್ನು ನಂಬಬೇಡಿ: ಮನೆಯಲ್ಲಿ ಫೋಟೋ ಮುದ್ರಿಸುವವರಿಗೆ ಎಚ್ಚರಿಕೆ

ಬೀದರ್, ಕಲಬುರಗಿ, ಯಾದಗಿರಿ ಕಡೆ ಮನೆಯಲ್ಲೇ ಫೋಟೋ ಮುದ್ರಿಸಿಕೊಳ್ಳಲು ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಇಂಕ್ ತುಂಬಿಸುವ ಯಂತ್ರ) ಕೊಂಡವರು ಈಗ ಸಾಕಷ್ಟು ಜನರಿದ್ದಾರೆ. ಅವರೆಲ್ಲರಿಗೂ ನನ್ನದೊಂದು ವಿನಂತಿ. ಹೆಸರಿಲ್ಲದ ಬಾಟಲಿಯನ್ನು ಮುಂದಿಟ್ಟು “ಇದು ಕಂಪನಿ ಇಂಕೇ, ಬಾಟಲಿ ಮಾತ್ರ ಬೇರೆ” ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಆ ಒಂದು ಸುಳ್ಳಿನಿಂದ ನನ್ನ ಪ್ರಿಂಟರ್ ಕೆಟ್ಟಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಒಬ್ಬ ಹಿರಿಯ ಕಸುಬುದಾರರ ಕೆಲಸದ ಮೇಲೆಯೇ ಗಿರಾಕಿಗಳಿಗೆ ಅನುಮಾನ ಹುಟ್ಟಿತು.

ಅವರು ನನ್ನ ತಂದೆಯ ಗೆಳೆಯರು, ಬಿದರಿ ಕೆಲಸದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ಮಾಡಿದ ಹೂಜಿ, ತಟ್ಟೆ, ಹೂದಾನಿಗಳು ಮಾರಾಟವಾಗಿ ಊರೂರಿಗೆ ಹೋಗಿಬಿಡುತ್ತವೆ. ಯಾವ ಪಾತ್ರೆಗೆ ಯಾವ ಬಳ್ಳಿ ಹಾಕಿದ್ದರು ಎಂಬುದಕ್ಕೆ ಅವರ ಬಳಿ ಗುರುತು ಉಳಿಯುವುದಿಲ್ಲ. ಹಾಗಾಗಿ ಪ್ರತಿಯೊಂದನ್ನೂ ಮಾರುವ ಮುಂಚೆ ಫೋಟೋ ತೆಗೆದು, ಎ4 ಅಳತೆಯಲ್ಲಿ ಮುದ್ರಿಸಿ ಆಲ್ಬಮ್ ಮಾಡಿಕೊಡುವ ಕೆಲಸವನ್ನು ನಾನು ವಹಿಸಿಕೊಂಡೆ. ಆರು ಬಣ್ಣದ ಪ್ರಿಂಟರ್ ತಂದದ್ದೂ ಅದಕ್ಕಾಗಿಯೇ. ಸಾಮಾನ್ಯ ನಾಲ್ಕು ಬಣ್ಣಗಳ ಜೊತೆಗೆ ತಿಳಿ ಸಯಾನ್ (ಹಸಿರು ಬೆರೆತ ನೀಲಿ) ಮತ್ತು ತಿಳಿ ಮೆಜೆಂಟಾ (ನೇರಳೆ ಬೆರೆತ ಕೆಂಪು) ಇದ್ದರೆ ಬೆಳ್ಳಿಯ ಹೊಳಪಿನಂಥ ತಿಳಿ ಛಾಯೆಗಳು ಚುಕ್ಕೆ ಚುಕ್ಕೆಯಾಗದೆ ನುಣುಪಾಗಿ ಬರುತ್ತವೆ.

ಬಿದರಿಯನ್ನು ಮುದ್ರಿಸುವುದು ಸುಲಭವಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದಾಗ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪೇ ಈ ಕಸುಬಿನ ಮಾನ. ಕಾಗದದ ಮೇಲೆ ಕಪ್ಪು ತುಸು ಕಂದಾದರೂ, ತುಸು ಹಸಿರಾದರೂ ಬಲ್ಲವರ ಕಣ್ಣಿಗೆ ತಕ್ಷಣ ಕಾಣುತ್ತದೆ. ಇದನ್ನೆಲ್ಲ ನಾನು ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ನನಗೆ ಬೇಕಾದದ್ದು ಪ್ರಿಂಟರ್ ಕಂಪನಿಯ ಇಂಕ್ ಮತ್ತು 270 ಜಿಎಸ್‌ಎಂ ಆರ್‌ಸಿ ಗ್ಲಾಸಿ ಕಾಗದ ಎಂದೂ ಹೇಳಿದ್ದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಆರ್‌ಸಿ ಎಂದರೆ ಪ್ಲಾಸ್ಟಿಕ್ ಪದರವಿರುವ ಫೋಟೋ ಕಾಗದ.

“ಅದೇ ಮಾಲು ಸರ್. ಕಂಪನಿಯಿಂದ ದೊಡ್ಡ ಕ್ಯಾನಿನಲ್ಲಿ ಬರುತ್ತದೆ, ನಾವು ಬಾಟಲಿಗೆ ತುಂಬುತ್ತೇವೆ. ಹೈದರಾಬಾದಿಗೂ ಇದೇ ಹೋಗುತ್ತದೆ,” ಎಂದ. ಕಾಗದದ ಪೊಟ್ಟಣದ ಮೇಲೆ 270 ಎಂದೂ ಆರ್‌ಸಿ ಎಂದೂ ದಪ್ಪಕ್ಷರದಲ್ಲಿ ಮುದ್ರಿಸಿತ್ತು. ಎರಡೂ ಸುಳ್ಳು.

ಮೊದಲ ದಿನ ಎಲ್ಲವೂ ಚೆನ್ನಾಗಿಯೇ ಕಂಡಿತು. ಈ ಮೋಸ ಜನರಿಗೆ ತಡವಾಗಿ ತಿಳಿಯುವುದು ಇದರಿಂದಲೇ. ಹೊಸದಾಗಿ ಮುದ್ರಿಸಿದ ಹಾಳೆಯಲ್ಲಿ ನಕಲಿ ಇಂಕ್ ಕೂಡ ಹೊಳೆಯುತ್ತದೆ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಹಾಳೆಗಳ ಅಂಚು ಒಳಕ್ಕೆ ಸುರುಳಿಯಾಗತೊಡಗಿತು. ಒಂದು ಹೂಜಿಯ ಚಿತ್ರ ಈಗಲೂ ನನ್ನ ಮೇಜಿನ ಮೇಲಿದೆ. ಕುತ್ತಿಗೆಯ ಸುತ್ತ ತಂತಿಯಲ್ಲಿ ಮಾಡಿದ ಎಲೆಗಳ ಸಾಲು ಮೊದಲು ಕೂದಲೆಳೆಯಷ್ಟು ಸ್ಪಷ್ಟವಿತ್ತು. ಈಗ ಗೆರೆಗಳ ಅಂಚು ಹರಡಿ ಎಲೆ ಯಾವುದು, ಬಳ್ಳಿ ಯಾವುದು ಎಂದು ಗೊತ್ತಾಗುವುದಿಲ್ಲ. ಹೊಟ್ಟೆಯ ಕಪ್ಪು ಇಟ್ಟಿಗೆಯ ಕಂದಿಗೆ ತಿರುಗಿದೆ. ಬೆಳ್ಳಿ ಗುಲಾಬಿಯಾಗಿದೆ.

ಆ ಹೊತ್ತಿಗೆ ಕಾಕಾ ಆಲ್ಬಮನ್ನು ಮೇಳಕ್ಕೆ ಒಯ್ದಿದ್ದರು. ಹೊರ ಊರಿನ ಗಿರಾಕಿಯೊಬ್ಬರು ಪುಟ ತಿರುವಿ, ಎದುರಿಗಿದ್ದ ಹೊಸ ಹೂದಾನಿಯನ್ನು ನೋಡಿ, “ಕೆಲವು ವರ್ಷಗಳಾದ ಮೇಲೆ ನಿಮ್ಮ ಕಪ್ಪು ಹೀಗೆ ಕೆಂಪಗಾಗುತ್ತದೆಯೇ?” ಎಂದು ಕೇಳಿದರಂತೆ. ಸುಳ್ಳು ಹೇಳಿದ್ದು ಕಾಗದ, ಉತ್ತರ ಕೊಡಬೇಕಾದವರು ಕಾಕಾ. ಆರ್ಡರ್ ಬರಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ಆಲ್ಬಮನ್ನು ಮತ್ತೆ ಯಾರಿಗೂ ತೋರಿಸಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ, ಪ್ರಿಂಟರಿಗೆ ಹಾಕಿದ ದುಡ್ಡಿಗಲ್ಲ.

ಹೀಗೇಕಾಯಿತು ಎಂಬುದನ್ನು ತಿಳಿದುಕೊಂಡರೆ ನೀವು ಮೋಸ ಹೋಗುವುದಿಲ್ಲ. ಮನೆಬಳಕೆಯ ಫೋಟೋ ಪ್ರಿಂಟರುಗಳಲ್ಲಿ ಹೆಚ್ಚಿನವು ಬಳಸುವುದು ಡೈ ಇಂಕ್, ಅಂದರೆ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಸೂಕ್ಷ್ಮ ಕಣಗಳಾಗಿರುತ್ತದೆ, ಆದ್ದರಿಂದ ಬೆಳಕಿಗೂ ಗಾಳಿಗೂ ಹೆಚ್ಚು ಕಾಲ ತಾಳುತ್ತದೆ. ಡೈ ಇಂಕ್ ಕೆಟ್ಟದ್ದೇನಲ್ಲ. ಒಳ್ಳೆಯ ಕಂಪನಿಗಳು ಅದು ಬೇಗ ಮಾಸದಂತೆ ಬಹಳ ಶ್ರಮಪಟ್ಟಿವೆ. ಅಗ್ಗದ ಇಂಕಿನಲ್ಲಿ ಇಲ್ಲದಿರುವುದು ಆ ಶ್ರಮವೇ. ಗಾಳಿಯಲ್ಲಿರುವ ಓಝೋನ್ ತಗಲಿದಾಗ ಅದರ ಸಯಾನ್ ಬಹುಪಾಲು ಮೊದಲು ಸೋಲುತ್ತದೆ, ಉಳಿದ ಮೆಜೆಂಟಾ ಮತ್ತು ಹಳದಿ ಸೇರಿ ಚಿತ್ರ ಕೆಂಪಗೆ ಕಾಣುತ್ತದೆ. ಗಾಜು ಹಾಕದೆ ಬಿಚ್ಚಿಟ್ಟ ಚಿತ್ರ ಚೌಕಟ್ಟಿನೊಳಗಿನ ಚಿತ್ರಕ್ಕಿಂತ ಬೇಗ ಹಾಳಾಗುವುದು ಇದೇ ಕಾರಣಕ್ಕೆ. ಕಂಪನಿಗಳು ಹೇಳಿಕೊಳ್ಳುವ ಬಾಳಿಕೆಯ ವರ್ಷಗಳು ಕೂಡ ಅವರದೇ ಇಂಕ್, ಅವರದೇ ಕಾಗದಕ್ಕೆ ಕಟ್ಟಿದ ಲೆಕ್ಕ. ಜೋಡಿಯಲ್ಲಿ ಒಂದು ಬದಲಾದರೂ ಆ ಲೆಕ್ಕ ಅನ್ವಯಿಸುವುದಿಲ್ಲ.

ಕಾಗದದ ಮೋಸ ಇನ್ನೂ ಸುಲಭ, ಏಕೆಂದರೆ ಕಣ್ಣಿಗೆ ಕಾಣುವುದು ಹೊಳಪು ಮಾತ್ರ. ನಿಜವಾದ ಆರ್‌ಸಿ ಕಾಗದದ ಎರಡೂ ಬದಿಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಇಂಕ್ ಮೇಲಿನ ಲೇಪನದಲ್ಲೇ ನಿಲ್ಲುತ್ತದೆ, ಕೆಳಗಿನ ಕಾಗದಕ್ಕೆ ಇಳಿಯುವುದಿಲ್ಲ. ಅಗ್ಗದ ಕಾಸ್ಟ್ ಕೋಟೆಡ್ ಕಾಗದಕ್ಕೆ ಮುಂಬದಿಯಲ್ಲಿ ಹೊಳಪು, ಹಿಂಬದಿಯಲ್ಲಿ ಬರೀ ಕಾಗದ. ಅದು ತೇವ ಹೀರಿ ಬಾಗುತ್ತದೆ. ಪರೀಕ್ಷೆಗೆ ಒಂದು ಹನಿ ನೀರು ಸಾಕು: ಹಾಳೆಯ ಹಿಂಬದಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಆರ್‌ಸಿ ಆದರೆ ಹನಿ ಹಾಗೆಯೇ ನಿಂತು ಒರೆಸಿದರೆ ಹೋಗುತ್ತದೆ. ಅಲ್ಲದಿದ್ದರೆ ಕಾಗದ ಹೀರಿ ಉಬ್ಬುತ್ತದೆ. ಮೂಲೆಯನ್ನು ನಿಧಾನವಾಗಿ ಹರಿದರೂ ಗೊತ್ತಾಗುತ್ತದೆ. ಆರ್‌ಸಿಯ ಅಂಚಿನಲ್ಲಿ ಪ್ಲಾಸ್ಟಿಕ್ ಪೊರೆ ಎಳೆದುಕೊಂಡು ಬರುತ್ತದೆ. ಅಂಗಡಿಯಲ್ಲೇ ಒಂದು ಹಾಳೆ ಕೇಳಿ ಪಡೆದು ಈ ಪರೀಕ್ಷೆ ಮಾಡಿ. ಕೊಡಲು ಒಪ್ಪದವನಿಂದ ಪೊಟ್ಟಣ ಕೊಳ್ಳಬೇಡಿ. ಜಿಎಸ್‌ಎಂ ಎಂಬುದು ತೂಕ ಮಾತ್ರ, ಅದರಿಂದ ಗುಣ ತಿಳಿಯುವುದಿಲ್ಲ.

ಇಂಕಿಗೆ ಅಷ್ಟು ಬೇಗ ಮುಗಿಯುವ ಪರೀಕ್ಷೆ ಇಲ್ಲ. ಸೀಲ್ ಒಡೆಯದ ಬಾಟಲಿ, ನಿಮ್ಮ ಪ್ರಿಂಟರಿನ ಕೈಪಿಡಿಯಲ್ಲಿರುವ ಇಂಕ್ ಸಂಖ್ಯೆಯೇ ಅದರ ಮೇಲೂ ಇರುವುದು, ತಯಾರಿಕೆಯ ವಿವರ, ಇವನ್ನೆಲ್ಲ ನೋಡಲೇಬೇಕು. ಬೇರೆ ಕಂಪನಿಯ ಇಂಕ್ ಎಂದರೆಲ್ಲ ಕಳಪೆ ಎಂದು ನಾನು ಹೇಳುವುದಿಲ್ಲ. ತಮ್ಮ ಹೆಸರನ್ನೇ ಬಾಟಲಿಯ ಮೇಲೆ ಹಾಕಿ, ಯಾವ ಪ್ರಿಂಟರಿಗೆ ಎಂದು ಸ್ಪಷ್ಟವಾಗಿ ಬರೆದು, ಬಣ್ಣ ಸರಿಯಾಗಿ ಬರಲು ಐಸಿಸಿ ಪ್ರೊಫೈಲ್ ಎಂಬ ಬಣ್ಣ ಹೊಂದಿಸುವ ಫೈಲನ್ನು ಕೂಡ ಕೊಡುವ ತಯಾರಕರಿದ್ದಾರೆ. ಹೆಸರೇ ಹೇಳದವರಿಂದ ದೂರವಿರಿ. ಯಾವ ಇಂಕೇ ಆಗಲಿ, ದೊಡ್ಡ ಕೆಲಸ ಶುರುಮಾಡುವ ಮುಂಚೆ ಒಂದು ಚಿತ್ರ ಮುದ್ರಿಸಿ, ಅರ್ಧ ಭಾಗವನ್ನು ದಪ್ಪ ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ. ಕೆಲವು ವಾರಗಳ ನಂತರ ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಗೆರೆ ಎದ್ದು ಕಂಡರೆ ಆ ಇಂಕಿನಲ್ಲಿ ಯಾರ ಮದುವೆಯ ಫೋಟೋವನ್ನೂ ಮುದ್ರಿಸಬೇಡಿ. ನಮ್ಮ ಕಡೆಯ ಬೇಸಿಗೆಯಷ್ಟು ಖಡಕ್ ಪರೀಕ್ಷಕ ಬೇರೆಲ್ಲೂ ಸಿಗಲಾರ.

ನನ್ನ ಪ್ರಿಂಟರಿನ ಗತಿಯನ್ನೂ ಹೇಳಿಬಿಡುತ್ತೇನೆ. ಇಂಕ್ ಚಿಮ್ಮುವ ಸಣ್ಣ ರಂಧ್ರಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಹಾಳೆಯಲ್ಲಿ ಮೊದಲು ತಿಳಿ ಸಯಾನ್ ಗೆರೆಗಳು ತುಂಡಾದವು, ಆಮೇಲೆ ಕಪ್ಪು ಗೆರೆಗಳು. ಆ ರಂಧ್ರಗಳಿರುವ ಭಾಗವೇ ಹೆಡ್; ಮತ್ತೆ ಮತ್ತೆ ಹೆಡ್ ಕ್ಲೀನಿಂಗ್ ಕೊಟ್ಟರೂ ರಂಧ್ರಗಳು ತೆರೆಯಲಿಲ್ಲ. ಪ್ರತಿ ಸಲ ಕ್ಲೀನಿಂಗ್ ಮಾಡಿದಾಗಲೂ ಇಂಕ್ ಒಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತದೆ, ಆ ಪ್ಯಾಡ್ ತುಂಬಿದರೆ ಯಂತ್ರವೇ ನಿಂತುಬಿಡುತ್ತದೆ. ಆದ್ದರಿಂದ ಗಾಬರಿಯಲ್ಲಿ ಒಂದರ ಹಿಂದೆ ಒಂದು ಕ್ಲೀನಿಂಗ್ ಕೊಡುವುದು ಒಳ್ಳೆಯದಲ್ಲ. ಸರ್ವಿಸ್ ಕೇಂದ್ರದವರು ಟ್ಯಾಂಕ್ ನೋಡಿದ ಕೂಡಲೇ “ಇದು ಕಂಪನಿ ಇಂಕ್ ಅಲ್ಲ” ಎಂದು ವರದಿಯಲ್ಲಿ ಬರೆದರು, ವಾರಂಟಿ ಅಲ್ಲಿಗೆ ಮುಗಿಯಿತು. ಹೆಡ್ ಬದಲಿಸಲು ಹೇಳಿದ ಮೊತ್ತಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಯಂತ್ರವೇ ಬರುತ್ತಿತ್ತು.

ಅಂಗಡಿಯವನು ಇದಕ್ಕೂ ಸಿದ್ಧವಾಗಿದ್ದ. “ಕರೆಂಟ್ ಹೋಗಿ ಹೆಡ್ ಒಣಗಿರಬೇಕು ಸರ್” ಎಂದ. ಕರೆಂಟ್ ಹಠಾತ್ತನೆ ಹೋದರೆ ಹೆಡ್ ತನ್ನ ಮುಚ್ಚಳದ ಜಾಗಕ್ಕೆ ಮರಳದೆ ನಡುವೆಯೇ ನಿಂತು ಒಣಗುವುದು ನಿಜ. ಅದಕ್ಕಾಗಿಯೇ ನನ್ನ ಪ್ರಿಂಟರ್ ಯುಪಿಎಸ್ ಮೇಲಿದೆ, ಅದನ್ನು ಆರಿಸುವುದೂ ಅದರದೇ ಗುಂಡಿಯಿಂದ, ಗೋಡೆಯ ಸ್ವಿಚ್ಚಿನಿಂದಲ್ಲ. ಇದನ್ನು ಹೇಳಿದಾಗ ಬಿಸಿಲಿನ ಮಾತು ತೆಗೆದ. ಕೊನೆಗೆ, ಸೀಲ್ ಒಡೆದ ಬಾಟಲಿ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದ. ಗೆಳೆಯನೊಬ್ಬನ ಮನೆಯಲ್ಲಿ ಇದೇ ಮಾದರಿಯ ಪ್ರಿಂಟರ್ ಇದೆ, ಅಸಲಿ ಇಂಕಿನಲ್ಲಿ ನಡೆಯುತ್ತಿದೆ. ಅದೇ ಹೂಜಿಯ ಅದೇ ಫೈಲನ್ನು ಅಲ್ಲಿ ಆರ್‌ಸಿ ಕಾಗದದ ಮೇಲೆ ಮುದ್ರಿಸಿದೆವು. ಕಪ್ಪು ಕಪ್ಪಾಗಿಯೇ ಬಂತು, ತಿಂಗಳುಗಳ ಮೇಲೂ ಹಾಗೆಯೇ ಇದೆ. ದೋಷ ಎಲ್ಲಿತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಕಾರ ಆಲ್ಬಮನ್ನು ಈಗ ಸ್ಟುಡಿಯೋ ಲ್ಯಾಬಿನಲ್ಲಿ ಮಾಡಿಸುತ್ತಿದ್ದೇನೆ. ತಿಂಗಳಿಗೆ ನಾಲ್ಕಾರು ಚಿತ್ರ ಮಾತ್ರ ಮುದ್ರಿಸುವವರಿಗೆ ನನ್ನ ಸಲಹೆಯೂ ಇದೇ: ಪ್ರಿಂಟರ್ ಬೇಡ, ಸುಮ್ಮನೆ ಕೂತ ಹೆಡ್ ಒಣಗುತ್ತದೆ. ಲ್ಯಾಬಿನವರಿಗೆ ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ; ಎ4 ಹಾಳೆಗೆ ಇಂಚಿಗೆ 300 ಪಿಕ್ಸೆಲ್‌ನಂತೆ ಸುಮಾರು 2480×3508 ಪಿಕ್ಸೆಲ್ ಬೇಕು. ಬಣ್ಣವನ್ನು ಯಂತ್ರವೇ ತಿದ್ದುವ ಆಟೋ ಕರೆಕ್ಷನ್ ಬೇಡವೆಂದೂ ಹೇಳಿ, ಇಲ್ಲದಿದ್ದರೆ ಕಪ್ಪು ವಸ್ತುವಿನ ಚಿತ್ರವನ್ನು ಅದು ಬೂದುಬಣ್ಣಕ್ಕೆ ತಿಳಿಗೊಳಿಸಬಹುದು.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ನನಗೆ ತೊಡಕಾಗಿರುವುದು ಬಿಲ್ಲಿನಲ್ಲಿ. ಅಂಗಡಿಯವನು ಅದರಲ್ಲಿ “ಇಂಕ್ ಸೆಟ್, ಪೇಪರ್” ಎಂದಷ್ಟೇ ಬರೆದಿದ್ದಾನೆ. ನೀವು ಕೊಳ್ಳುವಾಗ ಕಂಪನಿಯ ಹೆಸರು, ಇಂಕಿನ ಸಂಖ್ಯೆ, ಕಾಗದದ ಬಗೆ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ. ಉಳಿದ ಬಾಟಲಿ, ಮುದ್ರಿಸದ ಒಂದೆರಡು ಹಾಳೆ, ಸರ್ವಿಸ್ ಕೇಂದ್ರದ ವರದಿ ಇವನ್ನು ಎಸೆಯದೆ ಒಂದೇ ಚೀಲದಲ್ಲಿ ಕಟ್ಟಿಡಿ. ನಾನು ದೂರಿನ ಜೊತೆ ಕೊಡುತ್ತಿರುವುದೂ ಅವನ್ನೇ.