ರಿಲೇ ನ್ಯೂಟ್ರಲ್‌ಗೆ ಹಾಕಿಕೊಟ್ಟಿದ್ದಾನೆ, ನಿಮ್ಮ ಮನೆಯದ್ದೂ ಒಮ್ಮೆ ನೋಡಿ

ಅಂಗಳ, ಕೊಟ್ಟಿಗೆ, ತೋಟದ ದಾರಿ, ಗೇಟು. ಕುಮಟಾ ಕಡೆಯ ಮನೆ, ನಾಲ್ಕು ದೀಪ, ಮೊಬೈಲಿನಿಂದ ಹಚ್ಚಲು ನಾಲ್ಕು ಚಾನೆಲ್‌ನ ರಿಲೇ ಬೋರ್ಡು (ರಿಲೇ ಅಂದರೆ ಸಣ್ಣ ಕರೆಂಟಿನಿಂದ ಮನೆ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು). ಮೊದಲ ದಿನ ಎಲ್ಲ ಸರಿ. ಮಳೆ ಹಿಡಿದ ಮೇಲೆ ಆಫ್ ಮಾಡಿದ ಎಲ್‌ಇಡಿ ಬಲ್ಬು ರಾತ್ರಿಯಿಡೀ ಮಿಣಮಿಣ. ಹಾಕಿಕೊಟ್ಟ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಎಲ್‌ಇಡಿ ಅಂದ್ರೆ ಹಾಂಗೇ ಮಾರಾಯ್ರೆ, ಬಲ್ಬು ಬದಲಿಸಿ" ಅಂದ. ಬದಲಿಸಿದ್ದಾಯ್ತು. ಮತ್ತೆ ಅದೇ.

ಬಲ್ಬು ತೆಗೆದು, ರಿಲೇ ಆಫ್ ಇಟ್ಟು, ಹೋಲ್ಡರಿಗೆ ಟೆಸ್ಟರ್ ಮುಟ್ಟಿಸಿದರೆ ಝಗ್ಗನೆ ಉರಿಯಿತು. ಮೀಟರಿನಲ್ಲಿ ಪಿನ್ನಿಗೂ ಅರ್ಥಿಗೂ ನಡುವೆ 230 ವೋಲ್ಟ್. ಆಫ್ ಇದ್ದಾಗ! ಫೇಸ್, ಅಂದರೆ ಶಾಕ್ ಹೊಡೆಯುವ ವಯರು, ನೇರ ಹೋಲ್ಡರಿಗೆ ಕೊಟ್ಟು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ಲನ್ನು ರಿಲೇಯಲ್ಲಿ ಕತ್ತರಿಸಿದ್ದಾನೆ. ಒದ್ದೆಯಲ್ಲಿ ಸೋರುವ ಚೂರು ಕರೆಂಟಿಗೇ ಆ ಮಿಣಮಿಣ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು, ದೀಪ ಆಫ್ ಇದೆ ಎಂಬ ಧೈರ್ಯದಲ್ಲಿ ಬಲ್ಬು ತಿರುವುವವರ ಗತಿ ಏನು? ಇದನ್ನೇ ಕೇಳಿದ್ದಕ್ಕೆ ಅವನ ಉತ್ತರ: "ಲೈಟ್ ಆಫ್ ಆಗ್ತದಲ್ಲ? ಮತ್ತೆಂಥ ಬೇಕು ನಿಮಗೆ?"

ಮತ್ತೆಂಥ ಬೇಕಂತೆ! ಎಂಸಿಬಿಯಿಂದ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಬಂದ ಫೇಸ್ ರಿಲೇಯ ಕಾಮನ್ ಟರ್ಮಿನಲ್‌ಗೆ ಬರಬೇಕು, ರಿಲೇ ಆಫ್ ಇದ್ದಾಗ ಬಿಟ್ಟಿರುವ ನಾರ್ಮಲಿ ಓಪನ್ ಟರ್ಮಿನಲ್‌ನಿಂದ ಬಲ್ಬಿಗೆ ಹೋಗಬೇಕು. ನ್ಯೂಟ್ರಲ್ ಎಲ್ಲೂ ತುಂಡಾಗದೆ ನೇರ ಹೋಲ್ಡರಿಗೆ. ಅಷ್ಟೇ ಬೇಕಿತ್ತು. ಆಫ್ ಇದ್ದಾಗ ಕೂಡಿರುವ ನಾರ್ಮಲಿ ಕ್ಲೋಸ್‌ಗೆ ಕೊಟ್ಟರೆ ಬೋರ್ಡು ಸತ್ತಾಗ ದೀಪ ಹೊತ್ತಿಯೇ ಇರುತ್ತದೆ.

ಗೇಟಿನ 100 ವ್ಯಾಟ್ ಫ್ಲಡ್‌ಲೈಟ್‌ದು ಬೇರೆ ಕಥೆ. ಒಂದು ದಿನ ಆಫೇ ಆಗಲಿಲ್ಲ, ರಿಲೇಯ ಕಾಂಟ್ಯಾಕ್ಟ್, ಅಂದರೆ ಒಳಗೆ ಕೂಡಿ ಬಿಡುವ ಲೋಹದ ತುದಿ, ಅಂಟಿಕೊಂಡಿತ್ತು. "10 ಆಂಪ್ ಅಂತ ಅದರ ಮೇಲೇ ಬರೆದಿದೆ, ನಿಮ್ಮ ಲೈಟು ಅರ್ಧ ಆಂಪೂ ಇಲ್ಲ" ಅಂದ. ಆ 10 ಆಂಪ್ ಹೀಟರಿನಂಥ ಲೋಡಿಗೆ ಹೇಳಿದ್ದು. ಎಲ್‌ಇಡಿ ಡ್ರೈವರಿನ ಒಳಗೆ ಕೆಪಾಸಿಟರ್ ಇರುತ್ತದೆ, ಹಚ್ಚಿದ ಕ್ಷಣ ಅದು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ, ಆ ಕಿಡಿಗೇ ಕಾಂಟ್ಯಾಕ್ಟ್ ಬೆಸೆದುಕೊಳ್ಳುವುದು. ದೊಡ್ಡ ಲೈಟಿಗೆ ಬೋರ್ಡಿನ ಈ ನೀಲಿ ರಿಲೇಯಿಂದ ಕಾಂಟ್ಯಾಕ್ಟರ್ (ದೊಡ್ಡ ಲೋಡು ತಾಳುವ ದೊಡ್ಡ ರಿಲೇ) ಎಳೆಸಬೇಕು, ಲೈಟನ್ನೇ ಅದಕ್ಕೆ ಹೊರಿಸಬಾರದು.

ರಿಲೇ ಬೋರ್ಡಿನ ಡಬ್ಬಿ ತೆರೆದಾಗಂತೂ ಮೈ ಉರಿಯಿತು. ತಗಡಿನ ಡಬ್ಬಿ, ಅದಕ್ಕೆ ಅರ್ಥ್ ಇಲ್ಲ, ನಡುವೆ ಅಂತರ ಇಡುವ ಸ್ಪೇಸರ್ ಇಲ್ಲದೆ ಬೋರ್ಡು ತಗಡಿಗೇ ತಾಗಿಕೊಂಡಿದೆ. ಬೋರ್ಡಿನ ಅಡಿಯ ಬೆಸುಗೆ ಚುಕ್ಕಿಗಳಲ್ಲಿ 230 ವೋಲ್ಟ್ ಓಡುತ್ತದೆ ಎಂದು ಇವನಿಗೆ ಗೊತ್ತಿಲ್ಲವೇ? 5 ವೋಲ್ಟಿನ ವಯರನ್ನೂ ಮನೆ ಕರೆಂಟಿನ ವಯರನ್ನೂ ಒಂದೇ ಕಟ್ಟು ಕಟ್ಟಿದ್ದಾನೆ. ಉಪ್ಪುಗಾಳಿಗೆ ಟರ್ಮಿನಲ್ ಆಗಲೇ ಹಸಿರು ಕಿಲುಬು. ನಮ್ಮ ಕರಾವಳಿಗೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು, ವಯರು ಕೆಳಗಿನಿಂದ, ಸುತ್ತ ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಮೂಲಕ ಒಳಬರಬೇಕು. ಇಲ್ಲವಾದರೆ ಹಲ್ಲಿ, ಇರುವೆ, ನೀರು ಮೂರೂ ಒಳಗೆ.

ಹಾಕಿಸುವವರು ದುಡ್ಡು ಎಣಿಸುವ ಮೊದಲು ಆಫ್ ಇದ್ದಾಗ ಹೋಲ್ಡರಿನಲ್ಲಿ ಟೆಸ್ಟರ್ ಇಡಿಸಿ, ಎದುರಿಗೇ ಇಡಿಸಿ, ಉರಿಯಬಾರದು. ಲೈಟಿಂಗಿಗೆ 6 ಆಂಪ್ ಎಂಸಿಬಿ, 1.5 ಚದರ ಮಿಲಿಮೀಟರ್ ತಾಮ್ರದ ವಯರು, ಎಂಸಿಬಿಗೂ ಮುಂಚೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇದೆಯೇ ನೋಡಿ. ವೈರಿಂಗ್ ಎಷ್ಟೇ ಸರಿಯಿದ್ದರೂ ರಿಲೇ ನಂಬಿ ಬಲ್ಬಿಗೆ ಕೈ ಹಾಕಬೇಡಿ, ಎಂಸಿಬಿ ಇಳಿಸಿ.

ಈಗ "ಬಂದು ಸರಿ ಮಾಡಿಕೊಡ್ತೇನೆ, ಮಜೂರಿ ಬೇರೆ ಆಗ್ತದೆ" ಅಂತಾನೆ. ಅವನಿಗೆ ಇನ್ನು ಆ ಡಬ್ಬಿ ಮುಟ್ಟಗೊಡುವುದಿಲ್ಲ.