ಮಿಸ್ ಯೂನಿವರ್ಸ್ ಟಾಪ್ ಪಟ್ಟಿ ಊಹಿಸಲು ಯಾವ ದಾರಿ ಒಳ್ಳೆಯದು? ನನ್ನ ಮತ ಪ್ರಿಲಿಮಿನರಿಗೆ

ಫೈನಲ್ ರಾತ್ರಿ ಮುಂದಿನ ಸುತ್ತಿಗೆ ಯಾರ ಯಾರ ದೇಶದ ಹೆಸರು ಕರೆಯುತ್ತಾರೆಂದು ಮೊದಲೇ ಬರೆದಿಟ್ಟುಕೊಳ್ಳುವವರು ಸಾಮಾನ್ಯವಾಗಿ ನಾಲ್ಕು ದಾರಿ ಹಿಡಿಯುತ್ತಾರೆ. ಹಿಂದಿನ ವರ್ಷಗಳ ದಾಖಲೆ ನೋಡುವುದು, ಸೋಷಿಯಲ್ ಮೀಡಿಯಾದಲ್ಲಿ ಯಾರ ಸದ್ದು ಜಾಸ್ತಿ ಎಂದು ನೋಡುವುದು, ಬೆಟ್ಟಿಂಗ್ ದರ ನೋಡುವುದು, ಇಲ್ಲವೇ ಫೈನಲ್‌ಗೂ ಮುಂಚೆ ನಡೆಯುವ ಪ್ರಿಲಿಮಿನರಿ ಸುತ್ತನ್ನು ಕೂತು ನೋಡಿ ತಾವೇ ಅಂಕ ಹಾಕುವುದು. ನಾಲ್ಕನ್ನೂ ಪರೀಕ್ಷಿಸಿದ ಮೇಲೆ ನಾನು ಕೊನೆಯದನ್ನು ಬಿಟ್ಟು ಬೇರೆಯದನ್ನು ನೆಚ್ಚುವುದಿಲ್ಲ. 2022ರ ಸ್ಪರ್ಧೆಯಲ್ಲಿ ಫಿಲಿಪೀನ್ಸ್ ಹೆಸರನ್ನು ಕಣ್ಣು ಮುಚ್ಚಿ ಬರೆದುಕೊಂಡವರಿಗೆಲ್ಲ ಪೆಟ್ಟು ಬಿತ್ತು. 2010ರಿಂದ ಸತತ ಹನ್ನೆರಡು ಸ್ಪರ್ಧೆಗಳಲ್ಲಿ ಸೆಮಿಫೈನಲ್ ತಲುಪಿದ್ದ ದೇಶ, ಆ ಸಲ ಟಾಪ್ 16ರಲ್ಲಿ ಇರಲೇ ಇಲ್ಲ.

ಮೊದಲು ಅಳತೆಗೋಲು ಸರಿಯಾಗಿರಬೇಕು. “ನನ್ನ ಪಟ್ಟಿಯಲ್ಲಿ ಏಳು ಸರಿ ಬಂತು” ಎಂದರೆ ಅದು ಒಳ್ಳೆಯದೋ ಕೆಟ್ಟದ್ದೋ? 2024ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ 125 ಸ್ಪರ್ಧಿಗಳಿದ್ದರು, ಟಾಪ್ 30 ಆರಿಸಿದರು. ಚೀಟಿ ಎತ್ತಿ 30 ಹೆಸರು ಬರೆದರೂ ಸರಾಸರಿ ಏಳು ಸರಿಯಾಗುತ್ತವೆ. 2023ರಲ್ಲಿ 84 ಜನರಲ್ಲಿ 20 ಸ್ಥಾನ, ಅಲ್ಲಿ ಚೀಟಿಯ ಲೆಕ್ಕ ಸುಮಾರು ಐದು. ಸ್ಥಾನಗಳ ಸಂಖ್ಯೆಯೂ ಒಂದೇ ಸಮ ಇರುವುದಿಲ್ಲ: 2016ರಲ್ಲಿ 13, 2018ರಲ್ಲಿ 20, 2020ರಲ್ಲಿ 21, ಮುಂದಿನ ಎರಡು ಸಲ 16, ಆಮೇಲೆ 20, ಈಗ 30. ಆ ವರ್ಷದ ಸಂಖ್ಯೆ ಗೊತ್ತಾಗುವ ತನಕ ಪಟ್ಟಿ ಅಂತಿಮ ಮಾಡಬೇಡಿ.

ದಾಖಲೆಯ ದಾರಿಯನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 2022ರ ಟಾಪ್ 16 ದೇಶಗಳ ಪಟ್ಟಿಯನ್ನು ಹಾಗೇ ನಕಲು ಮಾಡಿ 2023ಕ್ಕೆ ಇಟ್ಟಿದ್ದರೆ ಹತ್ತು ಸರಿಯಾಗುತ್ತಿದ್ದವು: ಅಮೆರಿಕ, ವೆನೆಜುವೆಲಾ, ಪೋರ್ಟೊರಿಕೊ, ಕೊಲಂಬಿಯಾ, ಪೆರು, ಸ್ಪೇನ್, ಪೋರ್ಚುಗಲ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಭಾರತ. ಆದರೆ 2021ರ ಪಟ್ಟಿಯನ್ನು 2022ಕ್ಕೆ ಇಟ್ಟಿದ್ದರೆ ಆರೇ ಆರು. ಒಂದು ವರ್ಷ ಕೈ ಹಿಡಿಯುತ್ತದೆ, ಇನ್ನೊಂದು ವರ್ಷ ಕೈ ಕೊಡುತ್ತದೆ. ಇನ್ನು ಮೇಲಿನ ಸ್ಥಾನಗಳಿಗೆ ಈ ದಾರಿ ಏನೂ ಹೇಳುವುದಿಲ್ಲ. 2023ರಲ್ಲಿ ಗೆದ್ದ ನಿಕರಾಗುವ, 2024ರಲ್ಲಿ ಗೆದ್ದ ಡೆನ್ಮಾರ್ಕ್, ಎರಡಕ್ಕೂ ಅದೇ ಮೊದಲ ಕಿರೀಟ. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. 2015ರಿಂದ 2018ರವರೆಗೆ ಭಾರತಕ್ಕೆ ನಾಲ್ಕು ವರ್ಷ ಏನೂ ಸಿಗಲಿಲ್ಲ. 2016ರಲ್ಲಿ ಹೋಗಿದ್ದ ಬೆಂಗಳೂರಿನ ರೋಶ್ಮಿತಾ ಹರಿಮೂರ್ತಿಯವರೂ ಟಾಪ್ 13ರ ಹೊರಗೇ ಉಳಿದರು. ಆ ದಾಖಲೆ ನೋಡಿ ಭಾರತವನ್ನು ಕೈಬಿಟ್ಟವರು, ಉಡುಪಿ ಮೂಲದ ಆಡ್ಲೈನ್ ಕ್ಯಾಸ್ಟಲಿನೊ 2020ರಲ್ಲಿ ಮೂರನೇ ರನ್ನರ್ ಅಪ್ ಆಗುವುದನ್ನೂ, ಮರುವರ್ಷ ಇಸ್ರೇಲಿನ ಐಲಾತ್‌ನಲ್ಲಿ ಹರ್ನಾಜ್ ಸಂಧು ಗೆಲ್ಲುವುದನ್ನೂ ಊಹಿಸಲು ಸಾಧ್ಯವೇ ಇರಲಿಲ್ಲ.

ದಾಖಲೆಯಿಂದ ಒಂದೇ ಒಂದು ವಿಷಯ ಮಾತ್ರ ನಾನು ತಪ್ಪದೆ ಎತ್ತಿಕೊಳ್ಳುತ್ತೇನೆ, ಆತಿಥೇಯ ದೇಶ. 2016ರಿಂದ 2025ರವರೆಗಿನ ಹತ್ತು ಸ್ಪರ್ಧೆಗಳಲ್ಲಿ ಆತಿಥೇಯರು ಮೊದಲ ಕಡಿತದಲ್ಲೇ ಹೊರಬಿದ್ದದ್ದು ಒಂದೇ ಸಲ, 2021ರಲ್ಲಿ ಇಸ್ರೇಲ್.

ಬೆಟ್ಟಿಂಗ್ ದರದ ಬಗ್ಗೆ ಒಂದೇ ಮಾತು: ದುಡ್ಡು ಹಾಕುವ ಅಭಿಮಾನಿಗಳು ಯಾವ ದೇಶದಲ್ಲಿ ಹೆಚ್ಚೋ ಆ ದೇಶದ ದರ ಚೆನ್ನಾಗಿ ಕಾಣುತ್ತದೆ.

ಸೋಷಿಯಲ್ ಮೀಡಿಯಾದ ಸದ್ದೂ ಹೆಚ್ಚುಕಡಿಮೆ ಅದೇ. ಫ್ಯಾನ್ ವೋಟ್ ಇರುವ ವರ್ಷ ಅದರಿಂದ ಒಂದು ಸೀಟು ಸಿಗುತ್ತದೆ. 2016ರಲ್ಲಿ ಥಾಯ್ಲೆಂಡ್ ಹಾಗೆ ಒಳಬಂತು. ಆ ಒಂದು ಹೆಸರಿಗೆ ಮಾತ್ರ ಈ ದಾರಿ ಉಪಯೋಗ.

ಈಗ ಪ್ರಿಲಿಮಿನರಿ. ಫೈನಲ್‌ಗೆ ಎರಡು-ಮೂರು ದಿನ ಮೊದಲು ಎಲ್ಲ ಸ್ಪರ್ಧಿಗಳೂ ಈಜುಡುಗೆ ಮತ್ತು ಇವನಿಂಗ್ ಗೌನ್‌ನಲ್ಲಿ ವೇದಿಕೆಗೆ ಬರುತ್ತಾರೆ. ಒಂದು ಹಾಳೆಯಲ್ಲಿ ದೇಶ, ಈಜುಡುಗೆ, ಗೌನ್ ಎಂದು ಮೂರು ಕಾಲಂ ಎಳೆಯಿರಿ. ಹತ್ತಕ್ಕೆ ಅಂಕ ಹಾಕಿ, ಅರ್ಧ ಅಂಕವೂ ಇರಲಿ. ಧ್ವನಿ ಪೂರ್ತಿ ಬಂದ್ ಮಾಡಿ. ಸಭಾಂಗಣದ ಕೂಗು ಕೇಳಿದರೆ ಕೈ ತಾನಾಗಿಯೇ ಒಂದು ಅಂಕ ಜಾಸ್ತಿ ಹಾಕುತ್ತದೆ. ಅಕ್ಷರಮಾಲೆ ಕ್ರಮದಲ್ಲಿ ಕರೆಯುವುದರಿಂದ ಮೊದಲ ಹತ್ತು ಜನರಿಗೆ ಅಂಕ ಹಾಕುವಾಗ ಹೋಲಿಸಲು ಯಾರೂ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಆ ಹತ್ತು ಜನರನ್ನು ಇನ್ನೊಮ್ಮೆ ನೋಡಿ ಅಂಕ ತಿದ್ದಬೇಕು. ಕ್ಯಾಮೆರಾ ಯಾರನ್ನಾದರೂ ದೂರದಿಂದಷ್ಟೇ ತೋರಿಸಿದರೆ ಕಡಿಮೆ ಅಂಕ ಹಾಕಬೇಡಿ, ಪ್ರಶ್ನೆಚಿಹ್ನೆ ಹಾಕಿ ಬಿಡಿ.

ಏನನ್ನು ನೋಡಬೇಕು? ಈಜುಡುಗೆಯಲ್ಲಿ ಮೊದಲ ಮೂರು ಹೆಜ್ಜೆ, ನಿಲ್ಲುವ ಜಾಗ, ತಿರುಗುವ ರೀತಿ. 2018ರಲ್ಲಿ ಬ್ಯಾಂಕಾಕ್‌ನ ಪ್ರಿಲಿಮಿನರಿಯಲ್ಲಿ ಫಿಲಿಪೀನ್ಸ್‌ನ ಕ್ಯಾಟ್ರಿಯೋನಾ ಗ್ರೇ ವೇದಿಕೆಯ ನಡುವೆ ಬಂದು, ಎಲ್ಲರೂ ಸರಕ್ಕನೆ ತಿರುಗುವ ಕಡೆ ನಿಧಾನವಾಗಿ, ಕಣ್ಣು ಕ್ಯಾಮೆರಾದಿಂದ ಕೀಳದೆ ತಿರುಗಿದರು. ಆ ಒಂದು ತಿರುವು ನೋಡಿದವರಿಗೆ ಮುಂದಿನದು ಗೊತ್ತಾಗಿಹೋಯಿತು, ಕಿರೀಟ ಅವರಿಗೇ ಬಂತು. ಗೌನ್‌ನಲ್ಲಿ ಕಾಲಿನ ಕಡೆ ಗಮನ ಇರಲಿ. ಅಂಚನ್ನು ಪ್ರತಿ ಹೆಜ್ಜೆಗೂ ಒದ್ದುಕೊಂಡು ನಡೆಯುತ್ತಿದ್ದರೆ ಉದ್ದ ಸರಿಯಾಗಿಲ್ಲ ಎಂದರ್ಥ; ಹಾಗಾದಾಗ ಭುಜ ಬಿಗಿಯುತ್ತದೆ, ನಗು ಹೆಪ್ಪುಗಟ್ಟುತ್ತದೆ. ಬಟ್ಟೆಯ ಕಥೆಗೆ ಅಂಕ ಹಾಕಬೇಡಿ. 2022ರಲ್ಲಿ ಥಾಯ್ಲೆಂಡಿನ ಆ್ಯನಾ, ತಂಪುಪಾನೀಯದ ಡಬ್ಬಿ ತೆರೆಯುವ ಅಲ್ಯುಮಿನಿಯಂ ಕೊಂಡಿಗಳನ್ನು ಪೋಣಿಸಿದ ಗೌನ್ ತೊಟ್ಟು ಬಂದರು. ತಂದೆ-ತಾಯಿ ಕಸ ಸಂಗ್ರಹದ ಕೆಲಸದವರು, ಅದಕ್ಕೇ ಆ ಗೌನ್. ಮನಸ್ಸು ಕರಗಿಸುವ ಕಥೆ, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಟಾಪ್ 16ರಲ್ಲಿ ಅವರ ಹೆಸರು ಬರಲಿಲ್ಲ.

ಈ ದಾರಿಯಲ್ಲಿ ಒಂದು ದೊಡ್ಡ ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ತೀರ್ಪುಗಾರರ ಜತೆಗಿನ ಸಂದರ್ಶನ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಅದರ ಅಂಕ ಹೊರಗೆ ಬರುವುದಿಲ್ಲ. ನಿಮ್ಮ ಹಾಳೆಯಲ್ಲಿ 18 ಅಂಕ ತೆಗೆದವಳು ಹೊರಗುಳಿದು, 15ರವಳು ಒಳಗೆ ಬಂದರೆ ಬಹುಪಾಲು ಕಾರಣ ಅಲ್ಲಿರುತ್ತದೆ ಎಂಬುದು ನನ್ನ ಅಂದಾಜು. ಸಂದರ್ಶನಕ್ಕೆ ನಾಲ್ಕನೇ ಕಾಲಂ ಬೇಕು, ಆದರೆ ಅದು ಖಾಲಿ.

ಖಾಲಿ ಕಾಲಂ ತುಂಬಲು ಎಲ್ಲರೂ ಮಾಡುವ ತಪ್ಪು, ಅಧಿಕೃತ ಪರಿಚಯದ ವಿಡಿಯೊ ನೋಡುವುದು. ಅದು ಬರೆದು, ಕಲಿತು, ಕತ್ತರಿಸಿ ಜೋಡಿಸಿದ್ದು. ಬದಲಿಗೆ ಅವರ ದೇಶದ ಟಿವಿಯಲ್ಲಿ ಬಂದ, ಕತ್ತರಿ ಆಡಿಸದ ಎರಡು-ಮೂರು ಸಂದರ್ಶನ ಹುಡುಕಿ. ಭಾಷೆ ಅರ್ಥವಾಗದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ನೋಡಬೇಕಾದದ್ದು ಇಷ್ಟೇ: ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತಾರೋ, ಇಲ್ಲ ಯಾವ ಪ್ರಶ್ನೆ ಕೇಳಿದರೂ ತಮ್ಮ ಸೇವಾಕಾರ್ಯದ ಅದೇ ನಾಲ್ಕು ವಾಕ್ಯಕ್ಕೆ ಮರಳುತ್ತಾರೋ.

ಎರಡನೆಯ ಉಪಾಯ ಇನ್ನೂ ಗಟ್ಟಿ. ಮೊದಲೇ ಬೇರೊಂದು ಅಂತರರಾಷ್ಟ್ರೀಯ ವೇದಿಕೆ ಹತ್ತಿ ಬಂದವರು ಯಾರೆಂದು ನೋಡಿ. ಅಂಥವರಿಗೆ ಸಂದರ್ಶನದ ಕೋಣೆ ಹೊಸದಲ್ಲ. 2023ರ ವಿಜೇತೆ ಶೇನಿಸ್ ಪಲಾಸಿಯೋಸ್ 2021ರ ಮಿಸ್ ವರ್ಲ್ಡ್‌ನಲ್ಲಿ ಟಾಪ್ 40 ತಲುಪಿದ್ದವರು. ಅವರ ಪಕ್ಕ ನಿಂತ ಮೊದಲ ರನ್ನರ್ ಅಪ್ ಆಂಟೋನಿಯಾ ಪೊರ್ಸಿಲ್ಡ್ 2019ರ ಮಿಸ್ ಸುಪ್ರಾನ್ಯಾಷನಲ್. 2025ರ ಟಾಪ್ 5ರಲ್ಲಿದ್ದ ಫಿಲಿಪೀನ್ಸ್‌ನ ಆತಿಸಾ ಮನಾಲೊ 2018ರ ಮಿಸ್ ಇಂಟರ್‌ನ್ಯಾಷನಲ್ ಮೊದಲ ರನ್ನರ್ ಅಪ್, ಐವರಿ ಕೋಸ್ಟಿನ ಒಲಿವಿಯಾ ಯಾಸೆ 2021ರ ಮಿಸ್ ವರ್ಲ್ಡ್ ಎರಡನೇ ರನ್ನರ್ ಅಪ್. ಇಂಥವರಿಗೆ ಅರ್ಧ ಅಂಕ ಸೇರಿಸಿ, ಒಂದು ಬೇಡ. 2022ರಲ್ಲಿ ಹೊರಗುಳಿದ ಫಿಲಿಪೀನ್ಸ್‌ನ ಸೆಲೆಸ್ಟ್ ಕೊರ್ತೆಸಿಯೂ 2018ರ ಮಿಸ್ ಅರ್ಥ್‌ನಲ್ಲಿ ಟಾಪ್ 8 ತಲುಪಿದ್ದವರೇ.

ಮಿಸ್ ವರ್ಲ್ಡ್‌ಗೆ ಈ ಹಾಳೆ ನಡೆಯುವುದಿಲ್ಲ. ಅಲ್ಲಿ ಖಂಡವಾರು ಹಂಚಿಕೆ. 2024ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಭಾರತದ ಸಿನಿ ಶೆಟ್ಟಿ ಟಾಪ್ 8ಕ್ಕೆ ಬಂದರು, ಆದರೆ ಟಾಪ್ 4ರಲ್ಲಿ ಏಷ್ಯಾಕ್ಕೆ ಇದ್ದ ಒಂದೇ ಸ್ಥಾನ ಲೆಬನಾನ್‌ಗೆ ಹೋಯಿತು. ಅಲ್ಲಿ 112 ಜನರನ್ನು ಒಟ್ಟಿಗೆ ಹೋಲಿಸಿದರೆ ಪ್ರಯೋಜನವಿಲ್ಲ, ಖಂಡಕ್ಕೊಂದು ಹಾಳೆ ಬೇಕು.

ಪ್ರಿಲಿಮಿನರಿ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಖರ್ಚಾಗುವುದು ಡೇಟಾ ಮತ್ತು ಒಂದು ಪೂರ್ತಿ ಸಂಜೆ. ಅಷ್ಟು ಹೊತ್ತು ಕೂರಲು ಆಗದವರಿಗೆ ದಾಖಲೆಯ ದಾರಿಯೇ ಗತಿ, ಐದು ನಿಮಿಷದಲ್ಲಿ ಮುಗಿಯುತ್ತದೆ. ಕೂರಲು ತಯಾರಿರುವವರಿಗೆ 30ರ ಪಟ್ಟಿಗೆ ನನ್ನ ಲೆಕ್ಕ ಹೀಗಿದೆ: ಹಾಳೆಯ ಅಂಕದಿಂದ 20 ಹೆಸರು, ದಾಖಲೆಯಿಂದ 6, ಆತಿಥೇಯ ದೇಶ ಒಂದು, ಫ್ಯಾನ್ ವೋಟ್‌ಗೆ ಒಂದು. ಉಳಿದ ಎರಡು ಸ್ಥಾನ ಪ್ರಶ್ನೆಚಿಹ್ನೆ ಹಾಕಿದವರಿಗೆ. ಅವರ ನಡಿಗೆಯ ಮೊಬೈಲ್ ವಿಡಿಯೊಗಳನ್ನು ಸಭಾಂಗಣದಲ್ಲಿದ್ದ ಅಭಿಮಾನಿಗಳು ಮರುದಿನವೇ ಹಾಕಿರುತ್ತಾರೆ. ಅದನ್ನು ನೋಡಿ ಆಮೇಲೆ ಹೆಸರು ಬರೆಯಿರಿ.