ಡಬ್ಬಿಯ ಮುಂದೆ ಓದಿದೆ, ಹಿಂದೆ ಓದಲಿಲ್ಲ: ಹಳೇ ಡೀಸೆಲ್ ಪಿಕಪ್ ಇರುವವರಿಗೆ ಎಚ್ಚರಿಕೆ

ಗೋವಾದಲ್ಲಿ ಹಳೇ ಪಿಕಪ್ ಓಡಿಸಿ ಸಂಸಾರ ಸಾಗಿಸುವ ನಮ್ಮ ಕಡೆಯವರು ವಾಸ್ಕೋದಿಂದ ಮಾಪ್ಸಾವರೆಗೆ ಬಹಳ ಜನ ಇದ್ದೀರಿ. ಇದು ನಿಮಗಾಗಿ. ಹೋದ ಮಳೆಗಾಲದಲ್ಲಿ ತಪ್ಪು ಇಂಜಿನ್ ಆಯಿಲ್ ಹಾಕಿಸಿ ನನ್ನ 41 ಸಾವಿರ ರೂಪಾಯಿ ಹೋಯಿತು, ಹದಿನೇಳು ದಿನ ಗಾಡಿ ಗ್ಯಾರೇಜಿನಲ್ಲಿ ನಿಂತಿತು. ನಕಲಿ ಮಾಲು ಕೊಟ್ಟು ಯಾರೂ ಟೋಪಿ ಹಾಕಲಿಲ್ಲ. ಆಯಿಲ್ ಅಸಲಿಯೇ, ಅದೂ ದುಬಾರಿಯದೇ. ತಂದು ಸುರಿಸಿದವನು ನಾನೇ.

ನನ್ನದು 2009ರ ಡೀಸೆಲ್ ಪಿಕಪ್, ಹಳೇ ಕಾಲದ ಡಿಐ (ಡೀಸೆಲ್ ನೇರ ಸಿಲಿಂಡರಿಗೆ ಚಿಮ್ಮುವ) ಇಂಜಿನ್, ಮೀಟರ್ 2 ಲಕ್ಷ 80 ಸಾವಿರ ದಾಟಿದೆ. ವಾರಕ್ಕೆ ನಾಲ್ಕು ಟ್ರಿಪ್. ಬೆಳಗಾವಿಯಲ್ಲಿ ತರಕಾರಿ ತುಂಬಿಸಿಕೊಂಡು, ಚೋರ್ಲಾ ಘಾಟ್ ಇಳಿದು, ಸಾಖಳಿ ಮೇಲೆ ಮಾಪ್ಸಾಕ್ಕೆ ಬರುವುದು. ಮರಳಿ ಹೋಗುವಾಗ ಖಾಲಿ ಕ್ರೇಟು, ಸಿಕ್ಕರೆ ತೆಂಗಿನಕಾಯಿ. ಇಷ್ಟು ವರ್ಷ 15ಡಬ್ಲ್ಯೂ-40 ಡೀಸೆಲ್ ಆಯಿಲ್ಲನ್ನೇ ಹಾಕಿಸುತ್ತಿದ್ದೆ. ಗಾಡಿಯ ಪುಸ್ತಕದಲ್ಲಿ ಇದ್ದದ್ದೂ ಅದೇ. ಗಾಡಿ ಎಂದೂ ಕೈಕೊಟ್ಟಿರಲಿಲ್ಲ.

ಮತ್ತೆ ಯಾಕೆ ಬದಲಿಸಿದೆ? ಪಾಸಿಂಗ್ ಹತ್ತಿರ ಬಂದಿತ್ತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕಲ್ಲ, ಹೊಗೆ ಸ್ವಲ್ಪ ಕಡಿಮೆಯಾದರೆ ಒಳ್ಳೆಯದು ಅನ್ನುವ ಆಸೆ. ಮೇ ಕೊನೆಯ ಒಂದು ಶುಕ್ರವಾರ, ಸಂತೆಯ ಗದ್ದಲದಲ್ಲೇ ಮಾಲು ಇಳಿಸಿ, ಹತ್ತಿರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. “ಹಳೇ ಗಾಡಿಗೇ ಒಳ್ಳೇ ಆಯಿಲ್ ಬೇಕು ಭಾಯ್. ಫುಲ್ ಸಿಂಥೆಟಿಕ್ ಹಾಕಿಸು, ಇಂಜಿನ್ ಹೊಸದಾಗ್ತದೆ. 15 ಸಾವಿರ ಕಿಲೋಮೀಟರ್ ತಿರುಗಿ ನೋಡೋದು ಬೇಡ” ಅಂದ. ಡೀಸೆಲ್ಲೋ ಪೆಟ್ರೋಲೋ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಿಕಪ್ ಅಂದೆ, ಅಷ್ಟೆ. ಹಳೇ ಪಿಕಪ್ ಅಂದರೆ ಡೀಸೆಲ್ ಅಂತ ಆ ಧಂದೆಯಲ್ಲಿರುವವನಿಗೆ ಗೊತ್ತಿಲ್ಲದೆ ಇರಲಿಕ್ಕಿಲ್ಲ. ಆದರೂ ಓದಲು ಬರುವವನು ನಾನು, ಡಬ್ಬಿ ಇದ್ದದ್ದು ನನ್ನ ಕೈಯಲ್ಲಿ. ಬಂಗಾರದ ಬಣ್ಣದ ಡಬ್ಬಿ, ಮೇಲೆ ದೊಡ್ಡಕ್ಷರ. ಮೊದಲಿನ ಆಯಿಲ್ಲಿಗೆ ಕೊಡುತ್ತಿದ್ದುದರ ಎರಡು ಪಟ್ಟಿಗೂ ಹೆಚ್ಚು ಕೊಟ್ಟೆ.

ಮೊದಲ ಹತ್ತು ದಿನ ಗಾಡಿ ಬೆಣ್ಣೆಯ ಹಾಗೆ ಓಡಿತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಸದ್ದು ಕಡಿಮೆ. ಕಂಡಕಂಡವರಿಗೆಲ್ಲ ಹೇಳಿದೆ. ಇಬ್ಬರು ಅದೇ ಡಬ್ಬಿ ಕೊಂಡರು ಕೂಡ. ಅವರಿಗೆ ಆಮೇಲೆ ಫೋನ್ ಮಾಡಿ ಹೇಳುವಾಗ ನಾಲಿಗೆ ಹೊರಳಲಿಲ್ಲ.

ಜೂನ್ ನಡುವಿಗೆ ಗೇಜ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೀಟಿಗೆ ಬಂದಿತ್ತು. ಒಂದು ಲೀಟರ್ ಹಾಕಿದೆ. ಮತ್ತೆ ಸಾವಿರದೈನೂರು ಕಿಲೋಮೀಟರಿಗೆ ಇನ್ನೊಂದು ಲೀಟರ್. ಬೆಳಗಿನ ಹೊಗೆ ನೀಲಿ. ಗೇರ್‌ಬಾಕ್ಸ್ ಇಂಜಿನ್ನಿಗೆ ಸೇರುವ ಕಡೆಯಿಂದ ತೊಟ್ಟು ತೊಟ್ಟಾಗಿ ಸೋರಿ ಅಂಗಳದಲ್ಲಿ ಕಲೆ. ಮಳೆಗಾಲ, ಎಲ್ಲಾ ಒದ್ದೆ, ಯಾರಿಗೆ ಕಾಣಬೇಕು!

ಜುಲೈನಲ್ಲಿ ಒಂದು ದಿನ ಘಾಟ್ ಹತ್ತಿ ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮಂಜು ಕವಿದಿತ್ತು, ಹೆಡ್‌ಲೈಟ್ ಹಾಕಿ ಇಂಜಿನ್ ಚಾಲೂ ಬಿಟ್ಟಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಮಿಣುಕುತ್ತಿತ್ತು. ಎಕ್ಸಲೇಟರ್ ಒತ್ತಿದರೆ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ನಾನು ಸವದತ್ತಿ ಕಡೆಯವನು, ಮಲಪ್ರಭೆಯ ನೀರು ಕುಡಿದು ಬೆಳೆದವನು. ಆ ಹೊಳೆ ಹುಟ್ಟುವ ಊರಿನಲ್ಲೇ ನನ್ನ ಇಂಜಿನ್ ಸಾಯಲು ಶುರು ಮಾಡಿತ್ತು. ಅಲ್ಲೇ ಆಫ್ ಮಾಡಬೇಕಿತ್ತು. “ಸ್ವಿಚ್ ಹೋಗಿರಬೇಕು” ಅಂದುಕೊಂಡು ಜಾಂಬೋಟಿ ದಾಟಿ ಬೆಳಗಾವಿವರೆಗೆ ಓಡಿಸಿದೆ. ಮರುದಿನ ಆಯಿಲ್ ಪ್ರೆಶರ್ ಸ್ವಿಚ್ ಹೊಸದು ಹಾಕಿಸಿದೆ. ದೀಪ ಮತ್ತೆ ಹತ್ತಿತು. ಆಮೇಲೂ ಮೂರು ಟ್ರಿಪ್ ಹೊಡೆದೆ. ತಪ್ಪುಗಳಲ್ಲಿ ದೊಡ್ಡದು ಇದು, ಆಯಿಲ್ ಕೊಂಡದ್ದಕ್ಕಿಂತ ದೊಡ್ಡದು. ಆ ದೀಪ ಡೀಸೆಲ್ ಕಡಿಮೆಯಾದಾಗ ಹತ್ತುವ ದೀಪದ ಹಾಗೆ ಮುಂಚಿತವಾಗಿ ಹೇಳುವುದಿಲ್ಲ. ಒತ್ತಡ ಪೂರ್ತಿ ಬಿದ್ದ ಮೇಲೆ ಹತ್ತುತ್ತದೆ.

ಕೊನೆಗೆ ಕೆಳಗಿನಿಂದ ಟಕ್ ಟಕ್ ಸದ್ದು ಶುರುವಾದಾಗ ಬೆಳಗಾವಿಯ ನನ್ನ ಹಳೇ ಮೆಕ್ಯಾನಿಕ್ ಚಾಚಾನ ಹತ್ತಿರ ಹೋದೆ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಮೀಟರ್ ಕೂರಿಸಿದರು. ಬಿಸಿ ಇಂಜಿನ್, ಐಡಲ್‌ನಲ್ಲಿ ಅರ್ಧ ಕೆಜಿ ಕೂಡ ಇಲ್ಲ.

“ಯಾವ ಎಣ್ಣಿ ಹಾಕೀಯೋ ತಮ್ಮಾ?”

“ಫುಲ್ ಸಿಂಥೆಟಿಕ್ ರೀ ಚಾಚಾ.”

“ಅದು ಮುಂದಿನ ಮಾತಾತು. ಡಬ್ಬಿ ಹಿಂದ ಏನ್ ಬರದಾರ, ಓದು.”

ಟಾಪ್‌ಅಪ್‌ಗೆಂದು ಸೀಟಿನ ಹಿಂದೆ ಇಟ್ಟಿದ್ದ ಡಬ್ಬಿ ತಿರುಗಿಸಿದೆ. ಚಿಕ್ಕದೊಂದು ಗುಂಡು ಮುದ್ರೆ. ಮೇಲೆ ಎಪಿಐ ಸರ್ವಿಸ್ ಎಸ್‌ಎನ್, ನಡುವೆ ಎಸ್‌ಎಇ 5ಡಬ್ಲ್ಯೂ-30. ಚಾಚಾ ನಗಲಿಲ್ಲ, ಬೈಯಲೂ ಇಲ್ಲ. “ಪೆಟ್ರೋಲ್ ಕಾರಿನ ಎಣ್ಣಿ ಇದು. ಭಾಳ ಛಲೋ ಎಣ್ಣಿ. ನಿನ್ನ ಗಾಡೀದಲ್ಲ” ಅಂದರು.

ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಆ ಗುಂಡು ಮುದ್ರೆಯಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಸರ್ವಿಸ್ ಅಂದಮೇಲೆ ಬರುವ ಅಕ್ಷರ ಎಸ್‌ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿಯಿಂದ ಶುರುವಾದರೆ ಡೀಸೆಲ್ಲಿಗೆ. ಸ್ಪಾರ್ಕ್ ಇದ್ದದ್ದು ಎಸ್, ಕಂಪ್ರೆಷನ್ನಿನಿಂದ ಉರಿಯುವುದು ಸಿ ಅಂತ ನೆನಪಿಟ್ಟುಕೊಳ್ಳಿ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಹಳೇ ಇಂಜಿನ್ನಿನಲ್ಲಿ ಅದು ಪಿಸ್ಟನ್ ರಿಂಗ್ ದಾಟಿ ಆಯಿಲ್ಲಿಗೆ ಬರುತ್ತದೆ. ಆ ಮಸಿ ಒಂದಕ್ಕೊಂದು ಅಂಟದಂತೆ ತೇಲಿಸಿಟ್ಟುಕೊಳ್ಳುವ ಮದ್ದು ಡೀಸೆಲ್ ಆಯಿಲ್ಲಿನಲ್ಲಿ ಹೆಚ್ಚು. ಹಾಕಿಸಿದ ನಾಲ್ಕೇ ದಿನಕ್ಕೆ ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವ ಗುರುತು, ಕೆಟ್ಟಿರುವ ಗುರುತಲ್ಲ. ಸವೆತ ತಡೆಯುವ ರಂಜಕದ ಅಂಶಕ್ಕೆ 5ಡಬ್ಲ್ಯೂ-30ರಂಥ ತೆಳು ಪೆಟ್ರೋಲ್ ಆಯಿಲ್ಲಿನಲ್ಲಿ ಮಿತಿ ಹಾಕಿರುತ್ತಾರೆ, ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ. ನನ್ನ ಪಿಕಪ್ಪಿನಲ್ಲಿ ಆ ಕನ್ವರ್ಟರೇ ಇಲ್ಲ. ಅಂದರೆ ಇಲ್ಲದ ಸಾಮಾನನ್ನು ಕಾಪಾಡಲು ದುಡ್ಡು ಕೊಟ್ಟಿದ್ದೆ.

ಇನ್ನು ಎಸ್‌ಎಇ ಮುಂದಿನ ಆ ಅಂಕಿ. ಡಬ್ಲ್ಯೂ ಅಂದರೆ ವಿಂಟರ್, ಚಳಿ. 15ಡಬ್ಲ್ಯೂ ಆಯಿಲ್ಲನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, ಇಂಜಿನ್ ತಿರುಗುವಷ್ಟು ತೆಳುವಾಗಿ ಇರುತ್ತದೋ ಇಲ್ಲವೋ ಅಂತ. 5ಡಬ್ಲ್ಯೂಗೆ ಅದೇ ಪರೀಕ್ಷೆ ಮೈನಸ್ 30ರಲ್ಲಿ. ಅಷ್ಟು ಚಳಿ ಬಿದ್ದರೆ ಮಾಪ್ಸಾದಲ್ಲಿ ಫೆನಿಯನ್ನೂ ಚಮಚದಲ್ಲಿ ತಿನ್ನಬೇಕಾದೀತು. ನಮಗೆ ಬೇಕಾದದ್ದು ಎರಡನೇ ಅಂಕಿ, ಕಾದ ಇಂಜಿನ್ನಿನದು. 100 ಡಿಗ್ರಿಯಲ್ಲಿ 30 ಗ್ರೇಡಿನ ಗಟ್ಟಿತನ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ, 40 ಗ್ರೇಡಿನದು 12.5ರಿಂದ 16.3ವರೆಗೆ. ಬೇರಿಂಗಿನ ಒಳಗೆ ಆಯಿಲ್ ಒತ್ತಿ ತಿಕ್ಕಿ ನಡೆಯುವ ಜಾಗದ ಲೆಕ್ಕಕ್ಕೆ 150 ಡಿಗ್ರಿಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಅದರಲ್ಲಿ 30 ಗ್ರೇಡಿಗೆ ಕನಿಷ್ಠ 2.9 ಸೆಂಟಿಪಾಯ್ಸ್ (ಇದೂ ಗಟ್ಟಿತನದ ಅಳತೆಯೇ) ಸಾಕು, 15ಡಬ್ಲ್ಯೂ-40ಗೆ 3.7 ಇರಲೇಬೇಕು. ಓದಲು ಸಣ್ಣ ವ್ಯತ್ಯಾಸ. ಆದರೆ ಕ್ರ್ಯಾಂಕಿಗೂ ಬೇರಿಂಗ್ ಶೆಲ್ಲಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು, ಹದಿನೈದು ವರ್ಷ ಸವೆದು ಅದು ಅಗಲವಾಗಿರುತ್ತದೆ. ತೆಳು ಆಯಿಲ್ ಅಲ್ಲಿಂದ ಸರಕ್ಕನೆ ಜಾರಿ ಕೆಳಗಿನ ಆಯಿಲ್ ಚೇಂಬರಿಗೆ ಬೀಳುತ್ತದೆ. ಐಡಲ್‌ನಲ್ಲಿ ಪಂಪ್ ನಿಧಾನ, ಒತ್ತಡ ನಿಲ್ಲುವುದಿಲ್ಲ. ಕಣಕುಂಬಿಯಲ್ಲಿ ಮಿಣುಕಿದ ದೀಪದ ಕಥೆ ಇಷ್ಟೆ. ಸವೆದ ರಿಂಗ್ ದಾಟಿ ಮೇಲೆ ಹೋದದ್ದು ನೀಲಿ ಹೊಗೆಯಾಯಿತು. ಸೋರಿದ ಸೀಲ್ ಮಾತ್ರ ಮೊದಲೇ ಒಣಗಿ ಗಟ್ಟಿಯಾಗಿತ್ತು, ಅದರ ಪಾಪವನ್ನು ಆಯಿಲ್ ಮೇಲೆ ಹೊರಿಸಲಾರೆ.

ಈ ಕಥೆ ಕೇಳಿದವರೆಲ್ಲ “ನೋಡಿದ್ಯಾ, ಹಳೇ ಗಾಡಿಗೆ ಸಿಂಥೆಟಿಕ್ ಆಗಿಬರೋದಿಲ್ಲ” ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಡೀಸೆಲ್ಲಿನದೇ ಸಿಂಥೆಟಿಕ್ ಇದೆ, 15ಡಬ್ಲ್ಯೂ-40ರಲ್ಲೂ 5ಡಬ್ಲ್ಯೂ-40ರಲ್ಲೂ ಸಿಗುತ್ತದೆ. ಅದನ್ನು ಹಾಕಿಸಿದ್ದರೆ ಇಷ್ಟು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಂತ ಆ ಪದಕ್ಕೆ ಮರುಳಾಗಲೂಬೇಡಿ. ಪೂರ್ತಿ ರಾಸಾಯನಿಕವಾಗಿ ಕಟ್ಟಿದ ಆಯಿಲ್ಲಿಗೆ ಮಾತ್ರ ಸಿಂಥೆಟಿಕ್ ಅನ್ನಬೇಕೋ, ಕಚ್ಚಾತೈಲವನ್ನೇ ಬಹಳ ಶುದ್ಧಿ ಮಾಡಿದ್ದಕ್ಕೂ ಅನ್ನಬಹುದೋ ಅಂತ ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ಜಗಳವಾಗಿ, 1999ರಲ್ಲಿ ಅಲ್ಲಿನ ಜಾಹೀರಾತು ಪಂಚಾಯ್ತಿ ಎರಡನೆಯದಕ್ಕೂ ಅನ್ನಬಹುದು ಅಂದಿತು. ಅಂದಿನಿಂದ ಆ ಪದ ಬಹಳ ಸಡಿಲವಾಗಿದೆ.

ಈಗ ನಾನು ಅಂಗಡಿಗೆ ಹೋದರೆ ಮೊದಲು ಡಬ್ಬಿ ತಿರುಗಿಸುತ್ತೇನೆ. ಸಿಐ-4 ಇದ್ದರೆ ಸರಿ, ಸಿಐ-4 ಪ್ಲಸ್ ಇದ್ದರೂ ಸರಿ. 2016ರ ಕೊನೆಗೆ ಬಂದ ಸಿಕೆ-4 ಇದ್ದರೂ ನಡೆಯುತ್ತದೆ, ಅದು ಹಿಂದಿನವುಗಳ ಜಾಗಕ್ಕೆ ಬರುವಂತೆಯೇ ಮಾಡಿದ್ದು. ಅದರ ಜೊತೆಗೇ ಹುಟ್ಟಿದ ಎಫ್‌ಎ-4 ಬೇರೆ, ತೆಳು ಆಯಿಲ್, ಹಳೇ ಗಾಡಿಗೆ ಮುಟ್ಟಬೇಡಿ. ಸಿಐ-4/ಎಸ್‌ಎಲ್ ಅಂತ ಎರಡೂ ಬರೆದಿದ್ದರೆ ಹೆದರುವುದು ಬೇಡ, ಮೊದಲು ಬರೆದದ್ದು ಮುಖ್ಯ. 5ಡಬ್ಲ್ಯೂ-30 ಕೇಳುವ ಹೊಸ ಡೀಸೆಲ್ ಗಾಡಿಗಳೂ ಇವೆ, ಅವುಗಳ ಇಂಜಿನ್ನೇ ಅದಕ್ಕೆ ತಕ್ಕಂತೆ ಕಟ್ಟಿದ್ದು. ಆ ಗಾಡಿಯವರ ಮಾತು ಕೇಳಿ ನೀವು ಹಾಕಿಸಬೇಡಿ. 15 ಸಾವಿರ ಕಿಲೋಮೀಟರಿನ ಮಾತನ್ನೂ ನಂಬಬೇಡಿ, ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಫಿಲ್ಟರ್ ಸಮೇತ ಬದಲಿಸಿ. ಖಾಲಿ ಡಬ್ಬಿಗೆ ತೂತು ಹೊಡೆದು ಬಿಸಾಕಿ, ಇಲ್ಲದಿದ್ದರೆ ಯಾರಾದರೂ ಅದರಲ್ಲೇ ಸುಟ್ಟ ಆಯಿಲ್ ಸೋಸಿ ತುಂಬುತ್ತಾರೆ.

ಚಾಚಾ ಹಾಫ್ ಇಂಜಿನ್ ಮಾಡಿಕೊಟ್ಟರು. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಶೆಲ್, ರಿಂಗ್, ಗ್ಯಾಸ್ಕೆಟ್ ಸೆಟ್, ಹಿಂದಿನ ಸೀಲ್. ಹೆಂಡತಿಯ ಬಳೆ ಇನ್ನೂ ಸೊಸೈಟಿಯಲ್ಲಿದೆ, ಆ ವಿಷಯ ಮನೆಯಲ್ಲಿ ದಿನಾ ಒಮ್ಮೆ ಬಂದೇ ಬರುತ್ತದೆ. ಸೀಟಿನ ಹಿಂದಿನ ಡಬ್ಬಿಯಲ್ಲಿ ಎರಡು ಲೀಟರ್ ಉಳಿದಿತ್ತು. ಪಕ್ಕದ ಮನೆಯವರ ಪೆಟ್ರೋಲ್ ಕಾರಿಗೆ ಅದೇ ಗ್ರೇಡ್ ಬೇಕಂತೆ, ಕೇಳಿ ತೆಗೆದುಕೊಂಡು ಹೋದರು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿದೆಯಂತೆ.